‘ಪುಟ್ ಅಪ್’ ಮತ್ತು ನಮ್ಮ ‘ಹಾಕು’

ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಉದ್ದನೆಯ ಶಬ್ದಗಳಿಗೆ ಅಂಜುತ್ತಾರೆ. ಲ್ಯಾಟಿನ್ ಮೂಲದ ಭಾರಿ ಪದವೊಂದು ಎದುರಾದರೆ ನಿಘಂಟನ್ನು ತೆರೆಯುತ್ತಾರೆ. ಅಲ್ಲಿ ಒಂದೋ ಎರಡೋ ಅರ್ಥ ದೊರೆಯುತ್ತದೆ. ಭಯ ಅಲ್ಲಿಗೆ ತೀರುತ್ತದೆ. ನಿಜವಾಗಿ ಅಂಜಬೇಕಾದದ್ದು ಚಿಕ್ಕ ಮಾತುಗಳಿಗೆ. ‘ಪುಟ್’ ಎಂದರೆ ಇಡು, ‘ಅಪ್’ ಎಂದರೆ ಮೇಲೆ ಎಂಬುದನ್ನು ಮಾಧ್ಯಮಿಕ ಶಾಲೆಯ ಹುಡುಗನೂ ಬಲ್ಲ. ಆದರೆ ಇವೆರಡೂ ಕೈಹಿಡಿದು ‘ಪುಟ್ ಅಪ್’ ಎಂದು ಬಂದಾಗ, ಬಿಡಿ ಅರ್ಥಗಳನ್ನು ಕೂಡಿಸಿ ನೋಡಿದವನಿಗೆ ಲೆಕ್ಕ ಸರಿಹೋಗುವುದೇ ಇಲ್ಲ.

ಈ ಜೋಡಿಯ ಸಂಸಾರವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ. ಕೈಯನ್ನು ‘ಪುಟ್ ಅಪ್’ ಮಾಡುವುದೆಂದರೆ ಎತ್ತುವುದು. ಡೇರೆಯನ್ನು ಮಾಡುವುದೆಂದರೆ ಕಟ್ಟಿ ನಿಲ್ಲಿಸುವುದು. ಬಾಡಿಗೆಯನ್ನು ಮಾಡುವುದೆಂದರೆ ಏರಿಸುವುದು. ಇಲ್ಲಿಯವರೆಗೆ ‘ಮೇಲೆ’ ಎಂಬ ಭಾವ ಕಣ್ಣಿಗೆ ಕಾಣುತ್ತದೆ. ಮುಂದೆ ಹೋದಂತೆ ಅದು ಮಸುಕಾಗುತ್ತದೆ. ಅತಿಥಿಗೆ ರಾತ್ರಿ ತಂಗಲು ಎಡೆಗೊಡುವುದು, ಮನೆಯನ್ನು ಮಾರಾಟಕ್ಕೆ ಇಡುವುದು, ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸುವುದು, ಒಂದು ಉದ್ಯಮಕ್ಕೆ ಹಣ ಒದಗಿಸುವುದು, ಶತ್ರುವಿಗೆ ಎದುರುನಿಂತು ಕಾದುವುದು – ಎಲ್ಲಕ್ಕೂ ಇದೇ ಮಾತು. ಹಿಂದೆ ‘ಟು’ ಸೇರಿತೋ, ಒಬ್ಬನನ್ನು ಕೆಟ್ಟ ಕೆಲಸಕ್ಕೆ ಹುರಿದುಂಬಿಸಿದಂತಾಯಿತು. ‘ವಿತ್’ ಸೇರಿತೋ, ಸಹಿಸಿಕೊಂಡಂತಾಯಿತು. ಅಮೆರಿಕದ ಗೃಹಿಣಿಯರು ಹಣ್ಣು ತರಕಾರಿಗಳನ್ನು ಕೆಡದಂತೆ ಜಾಡಿಯಲ್ಲಿ ತುಂಬಿಡುವುದಕ್ಕೂ ಇದನ್ನೇ ಬಳಸುತ್ತಾರೆ. 1611ರ ಇಂಗ್ಲಿಷ್ ಬೈಬಲಿನಲ್ಲಿ, ಯೋಹಾನನ ಸುವಾರ್ತೆಯಲ್ಲಿ, ಯೇಸು ಪೇತ್ರನಿಗೆ ಕತ್ತಿಯನ್ನು ಒರೆಗೆ ಸೇರಿಸೆಂದು ಹೇಳುವಲ್ಲಿಯೂ ಬಂದಿರುವುದು ಈ ಜೋಡಿಯೇ. ಬಿಡಿ ಪದಗಳನ್ನು ನೆಚ್ಚಿದವನು ಅದನ್ನು ‘ಕತ್ತಿಯನ್ನು ಮೇಲೆತ್ತು’ ಎಂದು ತಿಳಿದಾನು! ಶಾಂತಿಯ ಮಾತು ಯುದ್ಧದ ಮಾತಾಗಲು ಇನ್ನೇನು ಬೇಕು?

ಈ ತೊಡಕು ಹೊಸದಲ್ಲ, ನಮ್ಮೊಬ್ಬರದೂ ಅಲ್ಲ. ಡಾಕ್ಟರ್ ಜಾನ್ಸನ್ ತನ್ನ ಮಹಾನಿಘಂಟನ್ನು 1755ರಲ್ಲಿ ಪ್ರಕಟಿಸಿದಾಗ, ಕ್ರಿಯಾಪದದ ಹಿಂದೆ ಇಂಥ ಸಣ್ಣ ಅವ್ಯಯ ಸೇರಿ ಅರ್ಥ ಬದಲಾಗುವ ಈ ಪದ್ಧತಿಯೇ ಪರಭಾಷಿಕರಿಗೆ ಅತ್ಯಂತ ಕಠಿಣವಾದದ್ದೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಈ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಬಹಳ ತಡವಾಗಿ, ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಹೊರತಂದ ಪುಸ್ತಕದ ಮೂಲಕ. ಹೆಸರಿಲ್ಲದೆಯೇ ಅವು ಶತಮಾನಗಳ ಕಾಲ ಸುಖವಾಗಿ ಬಾಳಿದ್ದವು.

ನಮ್ಮ ದೇಶದ ಕಚೇರಿಗಳು ಈ ಸಂಸಾರಕ್ಕೆ ಇನ್ನೊಂದು ಅರ್ಥವನ್ನು ಸೇರಿಸಿವೆ. ಕಡತವನ್ನು ಮೇಲಧಿಕಾರಿಯ ಅವಗಾಹನೆಗೆ ಮಂಡಿಸುವುದು ನಮ್ಮಲ್ಲಿ ‘ಪುಟ್ ಅಪ್’. ಇದರಿಂದಾದ ಒಂದು ಪ್ರಸಂಗವನ್ನು ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುವ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ. ಹಳ್ಳಿಯ ಹುಡುಗ, ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗ. ಕಾಲವಾದ ಉಪಾಧ್ಯಾಯರೊಬ್ಬರ ಪತ್ನಿ ಕುಟುಂಬ ಪಿಂಚಣಿಗಾಗಿ ಬರೆದುಕೊಂಡಿದ್ದ ಅರ್ಜಿ ಅವನ ಮೇಜಿಗೆ ಬಂತು. ಅದರ ಅಂಚಿನಲ್ಲಿ ಅಧಿಕಾರಿ ಬರೆದಿದ್ದರು: ‘ಪುಟ್ ಅಪ್ ವಿತ್ ಪ್ರೀವಿಯಸ್ ಪೇಪರ್ಸ್’. ಹಿಂದಿನ ಕಾಗದಗಳೊಡನೆ ಮಂಡಿಸು ಎಂದು ಅದರ ತಾತ್ಪರ್ಯ. ಹುಡುಗ ಶ್ರದ್ಧಾವಂತ, ನಿಘಂಟನ್ನು ನೋಡಿದ. ‘ಪುಟ್ ಅಪ್ ವಿತ್’ ಎಂದರೆ ಸಹಿಸು ಎಂದಿತ್ತು. ಹಿಂದಿನ ಕಾಗದಗಳನ್ನು ಸಹಿಸಿಕೊಳ್ಳುವುದು ಹೇಗೆ? ಅರ್ಜಿ ಮೂರು ವಾರ ಅವನ ಮೇಜಿನ ಖಾನೆಯಲ್ಲಿಯೇ ಉಳಿಯಿತು. ಆ ತಾಯಿ ಎರಡು ಸಲ ಬಸ್ಸಿನ ದುಡ್ಡು ಕಳೆದುಕೊಂಡು ಬಂದುಹೋದರು. ಕೊನೆಗೆ ಮುಖ್ಯ ಗುಮಾಸ್ತರು ಕಂಡು, ಅರ್ಥ ಬಿಡಿಸಿ ಹೇಳಿ, ಕಾಗದವನ್ನು ಮುಂದಕ್ಕೆ ಕಳಿಸಿದರು.

‘ಒಬ್ಬರನ್ನಾದರೂ ಕೇಳಬಾರದಿತ್ತೇನಯ್ಯ?’ ಎಂದೆ. ‘ಕೇಳಿದರೆ ಕನ್ನಡ ಮಾಧ್ಯಮದವನು, ಇಷ್ಟೂ ಬಾರದು ಎಂದು ನಗುತ್ತಾರೆ ಸಾರ್, ಅದಕ್ಕೇ ಸುಮ್ಮನಿದ್ದೆ’ ಎಂದ. ಕಾಗದವನ್ನು ತಡೆದದ್ದು ಅಜ್ಞಾನಕ್ಕಿಂತ ಹೆಚ್ಚಾಗಿ ಈ ನಾಚಿಕೆ. ನನ್ನನ್ನು ನೋಯಿಸಿದ್ದೂ ಅದೇ.

ಏಕೆಂದರೆ ನಾಚುವುದಕ್ಕೆ ಅವನಿಗೆ ಕಾರಣವೇ ಇರಲಿಲ್ಲ. ಇಂಗ್ಲಿಷಿನ ‘ಪುಟ್ ಅಪ್’ ಎಷ್ಟು ಮಾಯಾವಿಯೋ ನಮ್ಮ ‘ಹಾಕು’ವೂ ಅಷ್ಟೇ ಮಾಯಾವಿ. ಬೀಗ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಸಹಿ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಹೊಂಚು ಹಾಕುತ್ತೇವೆ. ಅಮೆರಿಕದ ಗೃಹಿಣಿ ಜಾಡಿಯಲ್ಲಿ ತುಂಬಿಟ್ಟರೆ ನಮ್ಮ ಅಜ್ಜಿ ಉಪ್ಪಿನಕಾಯಿ ಹಾಕುತ್ತಾಳೆ. ಒಬ್ಬನಿಗೆ ಹಾರ ಹಾಕಿದರೆ ಮರ್ಯಾದೆ, ಟೋಪಿ ಹಾಕಿದರೆ ಮೋಸ! ಇನ್ನು ಬೇರೊಂದು ಕ್ರಿಯಾಪದದ ಬೆನ್ನಿಗೆ ಬಿದ್ದಾಗಲಂತೂ ಅದರ ಗುಣವೇ ಬೇರೆ. ‘ತಿಂದುಹಾಕಿದ’, ‘ಹರಿದುಹಾಕಿದ’ ಎಂಬಲ್ಲಿ ಯಾರೂ ಏನನ್ನೂ ಎಲ್ಲಿಯೂ ಹಾಕಿಲ್ಲ. ಕೆಲಸ ಪೂರ್ತಿ ಮುಗಿಯಿತೆಂಬ ಭಾವ ಮಾತ್ರ ಉಳಿದಿದೆ. ಇಂಗ್ಲಿಷಿನ ‘ಈಟ್ ಅಪ್’, ‘ಟೇರ್ ಅಪ್’ಗಳಲ್ಲಿ ‘ಅಪ್’ ಮಾಡುವ ಕೆಲಸವೂ ಇದೇ ಅಲ್ಲವೆ? ಅಲ್ಲಿಯೂ ಅದು ‘ಮೇಲೆ’ಯನ್ನು ಮರೆತು ‘ಪೂರ್ತಿ’ಯನ್ನು ಸೂಚಿಸುತ್ತದೆ.

ನಮ್ಮ ಮಕ್ಕಳು ಇಷ್ಟೆಲ್ಲವನ್ನೂ ವ್ಯಾಕರಣವಿಲ್ಲದೆ, ನಿಘಂಟಿಲ್ಲದೆ, ಐದಾರನೆಯ ವಯಸ್ಸಿಗೇ ವಶಮಾಡಿಕೊಂಡಿರುತ್ತಾರೆ. ತಾಯಿ ‘ಬಾಗಿಲು ಹಾಕು’ ಎಂದಾಗ ಬಾಗಿಲನ್ನು ಎಲ್ಲಿ ಹಾಕಲಿ ಎಂದು ಯಾವ ಮಗುವೂ ಕೇಳುವುದಿಲ್ಲ. ಆ ಮಾತು ಅದಕ್ಕೆ ಇಡಿಯಾಗಿ, ಸಂದರ್ಭದೊಡನೆ ಬಂದಿದೆ. ಇಂಗ್ಲಿಷಿನ ಜೋಡಿಗಳನ್ನೂ ಹೀಗೆಯೇ ಕಲಿಸಬೇಕು: ಬಿಡಿಸಿ ತೂಗದೆ, ಯಾವ ನಾಮಪದದೊಡನೆ ಯಾವ ಅರ್ಥ ಬರುವುದೆಂದು ಇಡೀ ವಾಕ್ಯದಲ್ಲಿ ತೋರಿಸಿ. ಪಕ್ಕದಲ್ಲಿಯೇ ನಮ್ಮ ‘ಹಾಕು’, ‘ಬಿಡು’, ‘ಕೊಳ್ಳು’ಗಳನ್ನು ಇಟ್ಟು ತೋರಿಸಿದರೆ ಇನ್ನೂ ಒಳ್ಳೆಯದು. ಕನ್ನಡದ ತರಗತಿಯೂ ಇಂಗ್ಲಿಷಿನ ತರಗತಿಯೂ ಒಂದನ್ನೊಂದು ಕಂಡರಾಗದ ನೆರೆಮನೆಗಳಂತೆ ಇರಬೇಕಾಗಿಲ್ಲ.

ಇನ್ನು ಕಚೇರಿಗಳ ಅಧಿಕಾರಿಗಳಲ್ಲಿ ಒಂದು ಬಿನ್ನಹ. ‘ಹಿಂದಿನ ಕಡತದೊಡನೆ ಮಂಡಿಸಿ’ ಎಂದು ಬರೆಯಲು ಹಿಡಿಯುವ ಶಾಯಿ ಹೆಚ್ಚೇನೂ ಅಲ್ಲ. ಅದನ್ನು ಓದಿದ ಯಾವ ಗುಮಾಸ್ತನೂ ನಿಘಂಟನ್ನು ಹುಡುಕಲಾರ. ಯಾವ ವಿಧವೆಯ ಅರ್ಜಿಯೂ ಒಂದು ಅವ್ಯಯಕ್ಕೆ ಸಿಕ್ಕಿಕೊಂಡು ಖಾನೆಯಲ್ಲಿ ಮಲಗಲಾರದು.