ಕೈತಪ್ಪಿದ ಮೀನಿನ ಅಳತೆ

ಗಾಳ ಹಾಕುವವರ ಮಾತನ್ನು ಲೋಕವು ಪೂರ್ತಿಯಾಗಿ ನಂಬುವುದಿಲ್ಲವೆಂಬುದು ನಮ್ಮ ಕೇಳುಗರಿಗೆ ತಿಳಿದ ಸಂಗತಿಯೇ. ಹಿಡಿದು ತಂದ ಮೀನು ಎಲ್ಲರ ಕಣ್ಣಿಗೂ ಒಂದೇ ಅಳತೆಯದಾಗಿ ಕಾಣುತ್ತದೆ. ತಪ್ಪಿಸಿಕೊಂಡು ಹೋದ ಮೀನಾದರೋ ಹೇಳಿದಷ್ಟು ಸಲವೂ ಬೆಳೆಯುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ ಮೀನು 120 ಪೌಂಡು ತೂಗಿತು. ತಕ್ಕಡಿ ಮಾತನಾಡಿದ ಮೇಲೆ ಮನುಷ್ಯರ ವಾದಕ್ಕೆ ಎಡೆಯಿಲ್ಲ. ತಕ್ಕಡಿಯನ್ನು ಏರದ ಮೀನಿನ ವಿಷಯ ಹಾಗಲ್ಲ. ಅಂಥ ಒಂದು ಮೀನು ನಮ್ಮ ಗಾಳಕ್ಕೂ ಒಮ್ಮೆ ಸಿಕ್ಕಿತು. ನಮ್ಮ ಕೈಯನ್ನೂ ತಪ್ಪಿಸಿಕೊಂಡು ಹೋಯಿತು. ಅದು ಏಕೆ ತಪ್ಪಿತು, ಅದರ ನಿಜವಾದ ಅಳತೆ ಎಷ್ಟು, ಎಂಬ ಎರಡು ಪ್ರಶ್ನೆಗಳನ್ನು ಈ ಹೊತ್ತು ವಿಚಾರ ಮಾಡೋಣ. ನಾವು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವರಾದ್ದರಿಂದ ನಡುವೆ ಕೊಂಚ ಲೆಕ್ಕವೂ ಬಂದೀತು, ಕೇಳುಗರು ಮನ್ನಿಸಬೇಕು.

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳಲ್ಲಿ, ನಾವು ಮಿತ್ರರೊಡನೆ ಕಾಶ್ಮೀರದ ಲಿದ್ದರ್ ಹೊಳೆಯ ದಡಕ್ಕೆ ಹೋಗಿದ್ದೆವು. ಕೋಲಹೋಯಿ ಹಿಮನದಿಯಿಂದ ಇಳಿಯುವ ಕವಲೊಂದು, ಶೇಷನಾಗ ಸರೋವರದ ಕಡೆಯಿಂದ ಬರುವ ಕವಲೊಂದು, ಇವೆರಡೂ ಪಹಲ್ಗಾಮಿನಲ್ಲಿ ಕೂಡಿಕೊಂಡು, ಲಿದ್ದರ್ ಎನಿಸಿಕೊಂಡು ಹರಿದು, ಕಡೆಗೆ ಝೀಲಂ ನದಿಯನ್ನು ಸೇರುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿ ಕದಡುವ ನೀರು ಆ ತಿಂಗಳ ಹೊತ್ತಿಗೆ ತಿಳಿಯಾಗಿ, ತಳದ ಉರುಟು ಕಲ್ಲುಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಅಲ್ಲಿರುವ ಕಂದು ಟ್ರೌಟ್ ಮೀನು ಆ ನಾಡಿನ ಮೂಲನಿವಾಸಿಯಲ್ಲ. 1899ರಲ್ಲಿ ಬ್ರಿಟನ್ನಿನಿಂದ ಕಳುಹಿಸಿದ ಅದರ ಮೊಟ್ಟೆಗಳು ದಾರಿಯಲ್ಲಿಯೇ ಹಾಳಾದುವು. 1900ರಲ್ಲಿ ಮತ್ತೆ ಮಾಡಿದ ಪ್ರಯತ್ನ ಫಲಿಸಿತು. ಈ ಮೀನಿಗೆ ಬೇಕಾದದ್ದು ತಣ್ಣನೆಯ, ಪ್ರಾಣವಾಯು ಹೇರಳವಾಗಿ ಬೆರೆತ, ಓಡುವ ನೀರು. ಆದಕಾರಣ ದಕ್ಷಿಣದೇಶದಲ್ಲಿ ಟ್ರೌಟ್ ಜಾತಿಯ ಮೀನು ನೀಲಗಿರಿಯಂಥ ಎತ್ತರದ ಹೊಳೆಗಳಲ್ಲಿ ನೆಲೆಗೊಂಡಿದೆಯೇ ಹೊರತು ನಮ್ಮ ಬಯಲುಸೀಮೆಯ ನದಿಗಳಲ್ಲಿ ಬದುಕಲಾರದು.

ಇದನ್ನು ಹಿಡಿಯುವ ಬಗೆ ನಮ್ಮ ಕೆರೆಕಟ್ಟೆಗಳ ಮೇಲೆ ಕಾಣುವ ಬಗೆಯಲ್ಲ. ಇಲ್ಲಿ ಎರೆಹುಳುವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಹೊಳೆಯ ಕಲ್ಲುಗಳ ಅಡಿಯಲ್ಲಿ ಮರಿಯಾಗಿ ಬೆಳೆದು, ರೆಕ್ಕೆ ಬಂದಾಗ ನೀರಿನ ಮೇಲಕ್ಕೆ ಏಳುವ ಕೀಟಗಳು ಟ್ರೌಟ್ ಮೀನಿನ ಮುಖ್ಯ ಆಹಾರ. ಆ ಕೀಟದ ರೂಪವನ್ನು ಹಕ್ಕಿಯ ಗರಿ, ರೇಷ್ಮೆಯ ಎಳೆ, ಮೊಲದ ಕೂದಲು ಇವುಗಳಿಂದ ಒಂದು ಪುಟ್ಟ ಗಾಳದ ಮೇಲೆ ಕಟ್ಟುತ್ತಾರೆ. ಇದಕ್ಕೆ ನೊಣವೆಂದು ಹೆಸರು. ಕಡಲೆಕಾಳಿನಷ್ಟೂ ಭಾರವಿಲ್ಲದ ಈ ನೊಣವನ್ನು ನಲವತ್ತು ಐವತ್ತು ಅಡಿ ದೂರಕ್ಕೆ ಎಸೆಯುವುದು ಹೇಗೆ? ನೊಣವನ್ನು ಎಸೆಯುವುದಿಲ್ಲ, ಅದಕ್ಕೆ ಕಟ್ಟಿದ ದಪ್ಪವಾದ ಹುರಿಯನ್ನು ಎಸೆಯುತ್ತಾರೆ. ಕೋಲು ಹಿಂದಕ್ಕೂ ಮುಂದಕ್ಕೂ ಬಳುಕಿ ಹುರಿಯನ್ನು ಗಾಳಿಯಲ್ಲಿ ಬಿಡಿಸುತ್ತದೆ. ನೊಣ ಅದರ ಬೆನ್ನು ಹತ್ತಿ ಹೋಗುತ್ತದೆ. ಆದರೆ ದಪ್ಪ ಹುರಿ ಮೀನಿನ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು. ಆದ್ದರಿಂದ ಹುರಿಗೂ ನೊಣಕ್ಕೂ ನಡುವೆ ಬರಬರುತ್ತ ಸಪೂರವಾಗುವ, ಕಣ್ಣಿಗೆ ಕಾಣದಂಥ ಎಳೆಯೊಂದಿರುತ್ತದೆ. ನಮ್ಮ ಎಳೆಯ ತುದಿ ತಡೆಯಬಲ್ಲದ್ದು ನಾಲ್ಕು ಪೌಂಡು ಎಳೆತವನ್ನು. ಈ ಅಂಕಿಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮಗೆ ದಾರಿ ತೋರಲು ಬಂದಿದ್ದವರು ಆ ಊರಿನ ಒಬ್ಬ ಹಿರಿಯರು. ಹೊಳೆಯ ಒಂದೊಂದು ಬಂಡೆಯನ್ನೂ ಬಲ್ಲವರು. ಮೀನು ಪ್ರವಾಹಕ್ಕೆ ಎದುರಾಗಿ ನಿಲ್ಲುತ್ತದೆಯಾದ್ದರಿಂದ ಅದರ ಹಿಂದುಗಡೆಯಿಂದಲೇ ಹೋಗಬೇಕೆಂದು ಅವರು ನಮ್ಮನ್ನು ಕೆಳಗಡೆಯಿಂದ ನೀರಿಗಿಳಿಸಿದರು. ಮೊಣಕಾಲಿನವರೆಗೆ ನೀರು. ದೊಡ್ಡ ಬಂಡೆಯೊಂದರ ಮಗ್ಗುಲಲ್ಲಿ, ಸೆಳವು ಕೊಂಚ ತಗ್ಗಿದ ಕಡೆ, ಮೇಲ್ಮೈ ಒಮ್ಮೆ ಮೆಲ್ಲನೆ ಉಬ್ಬಿ ಉಂಗುರವಾಯಿತು. "ಅಲ್ಲಿದೆ, ಸಾಹೇಬ್" ಎಂದರು. ಮೂರನೆಯ ಎಸೆತಕ್ಕೆ ನೊಣವು ಆ ಉಂಗುರದ ಮೇಲುಗಡೆ ಬಿದ್ದು ತೇಲಿಬಂತು. ನೊಣ ಮಾಯವಾಯಿತು, ಕೋಲೆತ್ತಿದೆವು, ಕೋಲು ಬಿಲ್ಲಿನಂತೆ ಬಾಗಿತು.

ಆಮೇಲಿನ ಹತ್ತು ನಿಮಿಷ ನಮ್ಮ ಆಯುಷ್ಯದಲ್ಲಿ ಬಹು ದೀರ್ಘವಾದ ಹತ್ತು ನಿಮಿಷ. ಮೀನು ಪ್ರವಾಹದೊಡನೆ ಕೆಳಕ್ಕೆ ಓಡಿತು. ರಾಟೆ ಕಿರುಗುಟ್ಟುತ್ತ ಹುರಿಯನ್ನು ಬಿಟ್ಟುಕೊಟ್ಟಿತು. ಒಮ್ಮೆ ನೀರಿನಿಂದ ಮೇಲಕ್ಕೆ ಹಾರಿತು. ಮೀನು ಹಾರಿದಾಗ ಕೋಲಿನ ತುದಿಯನ್ನು ತಗ್ಗಿಸಿ ಅದಕ್ಕೆ ನಮಸ್ಕಾರ ಮಾಡಬೇಕೆಂಬುದು ಈ ವಿದ್ಯೆಯ ಕಟ್ಟಳೆ. ನೀರು ಹೊತ್ತಿದ್ದ ಅದರ ಭಾರ ಆ ಕ್ಷಣದಲ್ಲಿ ಎಳೆಯ ಮೇಲೆ ಬೀಳಬಾರದೆಂಬುದೇ ಇದರ ಅರ್ಥ. ಅದನ್ನೂ ತಪ್ಪದೆ ಮಾಡಿದೆವು. ಕಡೆಗೆ ಮೀನು ದಣಿದು ನಮ್ಮ ಕಾಲ ಬಳಿಯ ಗುಂಡಿಗೆ ಬಂದು ನಿಂತಿತು. ಬಂಗಾರದ ಬಣ್ಣದ ಮಗ್ಗುಲು, ಅದರ ಮೇಲೆ ಕರಿಯ ಕೆಂಪು ಚುಕ್ಕೆಗಳು, ಎಲ್ಲವನ್ನೂ ಕಂಡೆವು. ಹಿರಿಯರು ಬಲೆಯನ್ನು ನೀರಿಗೆ ಅದ್ದಿದರು. ಬಲೆಯ ನೆರಳು ಕಂಡಿತೋ ಏನೋ, ಮೀನು ಮತ್ತೊಮ್ಮೆ ಚಿಮ್ಮಿ ಓಡಿತು. ಆಗ ನಮ್ಮ ಕೈ ನಮ್ಮನ್ನು ಕೇಳಲಿಲ್ಲ. ಹುರಿಯನ್ನು ಕೋಲಿಗೆ ಒತ್ತಿ ಬಿಗಿಯಾಗಿ ಹಿಡಿಯಿತು. ಕೋಲೂ ಮೀನಿನ ಕಡೆಗೇ ನೇರವಾಗಿತ್ತು. ಟಪ್ಪೆಂದು ಒಂದು ಸದ್ದು. ಆಮೇಲೆ ಕೋಲು ನೆಟ್ಟಗೆ ನಿಂತಿತು. ಹುರಿ ಸಡಿಲವಾಗಿ ನೀರಿನ ಮೇಲೆ ತೇಲಿತು.

ಇನ್ನು ಲೆಕ್ಕ. ಮೀನಿನ ಭಾರವೇ ಎಳೆಯನ್ನು ಹರಿಯಿತೆಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಮೀನಿನ ಒಡಲಲ್ಲಿ ಗಾಳಿಚೀಲವಿರುವುದರಿಂದ ನೀರಿನೊಳಗೆ ಅದರ ಭಾರ ಇಲ್ಲವೆನ್ನುವಷ್ಟು ಕಡಿಮೆ. ಎಳೆಯನ್ನು ಹರಿಯುವುದು ಓಟವನ್ನು ತಟಕ್ಕನೆ ನಿಲ್ಲಿಸುವ ನಮ್ಮ ಆತುರ. ಎರಡೂವರೆ ಪೌಂಡಿನ ಮೀನು ಸೆಕೆಂಡಿಗೆ ಆರು ಅಡಿ ವೇಗದಲ್ಲಿ ಓಡುತ್ತಿದೆಯೆನ್ನೋಣ. ಇದು ದೊಡ್ಡ ವೇಗವೇನಲ್ಲ. ಅದನ್ನು ಒಂದು ಅಡಿಯ ಅಂತರದಲ್ಲಿ ನಿಲ್ಲಿಸಲು ಬೇಕಾದ ಎಳೆತ ಸುಮಾರು ಒಂದೂವರೆ ಪೌಂಡು ಮಾತ್ರ. ಅದೇ ಮೀನನ್ನು ಒಂದು ಅಂಗುಲದಲ್ಲಿ ನಿಲ್ಲಿಸಲು ಹೊರಟರೆ ಎಳೆತ ಹನ್ನೆರಡು ಪಟ್ಟಾಗಿ, ಸುಮಾರು ಹದಿನೇಳು ಪೌಂಡಿಗೆ ಏರುತ್ತದೆ. ನಾಲ್ಕು ಪೌಂಡಿನ ಎಳೆ ಇದನ್ನು ತಡೆಯುವುದೆಲ್ಲಿ ಬಂತು! ಬಾಗುವ ಕೋಲು, ತಿರುಗುವ ರಾಟೆ, ಬಿಟ್ಟುಕೊಡುವ ಬೆರಳು, ಈ ಮೂರೂ ಇರುವುದು ಒಂದು ಅಂಗುಲವನ್ನು ಒಂದು ಅಡಿಯಾಗಿಯೋ ಹತ್ತು ಅಡಿಯಾಗಿಯೋ ಮಾಡುವುದಕ್ಕೆ. ಕೋಲು ಮೀನಿನ ಕಡೆಗೆ ನೇರವಾದರೆ ಅದರ ಬಾಗು ಉಪಯೋಗಕ್ಕೆ ಬರುವುದಿಲ್ಲ. ಹುರಿಯನ್ನು ಮುಷ್ಟಿಯಲ್ಲಿ ಹಿಡಿದರೆ ರಾಟೆಯೂ ಉಪಯೋಗಕ್ಕೆ ಬರುವುದಿಲ್ಲ. ಎಳೆಯಲ್ಲಿ ಹಾಕಿದ ಗಂಟು ಮೊದಲೇ ಅದರ ಬಲವನ್ನು ಕೊಂಚ ಕುಗ್ಗಿಸಿರುತ್ತದೆ. ಮೀನು ಬಲವಾಗಿತ್ತೆಂದು ತಪ್ಪಲಿಲ್ಲ; ಕೈ ಬಿಗಿಯಾಯಿತೆಂದು ತಪ್ಪಿತು.

ಅಂದು ಸಂಜೆ ಬಿಡಾರದಲ್ಲಿ ಚಹಾ ಕುಡಿಯುತ್ತ ಮಿತ್ರರು ಮೀನಿನ ಅಳತೆಯನ್ನು ಕೇಳಿದರು. ನಾವು ಎರಡು ಕೈಗಳನ್ನೂ ಅಗಲಿಸಿ ತೋರಿಸಿದೆವು. ಒಬ್ಬರು ಅಳೆದು ನೋಡಿ ಎರಡು ಅಡಿಯೆಂದರು. ಸಾಕ್ಷಿ ನುಡಿಯಲೆಂದು ಹಿರಿಯರನ್ನು ಕರೆದೆವು. ಅವರು ನಮ್ಮ ಕೈಗಳ ನಡುವಣ ಅಂತರವನ್ನು ಒಮ್ಮೆ ನೋಡಿ, ಏನನ್ನೂ ಹೇಳದೆ, ತಮ್ಮ ಬಲಗೈಯನ್ನು ಮುಂದೆ ಚಾಚಿ, ಎಡಗೈಯಿಂದ ಮೊಣಕೈಯನ್ನು ಮುಟ್ಟಿ ತೋರಿಸಿದರು. ನಮ್ಮವರು ಮೊಳವೆನ್ನುವ ಅಳತೆ ಅದೇ: ಹದಿನೆಂಟು ಅಂಗುಲ.

ಮಿತ್ರರು ನಕ್ಕರು. ನಾವು ಶಾಸ್ತ್ರದ ಮೊರೆಹೊಕ್ಕೆವು. ನೀರಿನ ವಕ್ರೀಭವನಾಂಕ ಮೂರರಲ್ಲಿ ನಾಲ್ಕು. ಎಂದರೆ ನೀರಿನೊಳಗಣ ವಸ್ತು ಇರುವ ಆಳದ ಮುಕ್ಕಾಲು ಆಳದಲ್ಲಿಯೇ ಇರುವಂತೆ ಕಾಣುತ್ತದೆ. ಹತ್ತಿರ ಕಂಡದ್ದು ದೊಡ್ಡದಾಗಿ ಕಾಣುತ್ತದೆ. ಹದಿನೆಂಟು ಅಂಗುಲದ ಮೂರರಲ್ಲಿ ನಾಲ್ಕು ಪಾಲು ಸರಿಯಾಗಿ ಇಪ್ಪತ್ತನಾಲ್ಕು ಅಂಗುಲ. ಹಿರಿಯರು ಹೇಳಿದ್ದೂ ನಿಜ, ನಾವು ಕಂಡದ್ದೂ ನಿಜವೆಂದು ತೀರ್ಪಿತ್ತೆವು. ಮಿತ್ರರು ಒಪ್ಪಿಕೊಂಡರು. ನಮ್ಮ ಮಾನ ಉಳಿಯಿತು.

ಆದರೆ ರಾತ್ರಿ ನಿದ್ರೆ ಬರಲಿಲ್ಲ. ಕಣ್ಣು ನೀರಿನ ಮೇಲ್ಮೈಗೆ ತಾಗಿಕೊಂಡಿದ್ದರೆ ಮಾತ್ರ ಆ ಲೆಕ್ಕ ಪೂರ್ತಿಯಾಗಿ ಸಲ್ಲುತ್ತದೆ. ನಮ್ಮ ಕಣ್ಣು ನೀರಿನಿಂದ ಸುಮಾರು ನಾಲ್ಕು ಅಡಿ ಮೇಲಿತ್ತು. ಮೀನು ಎರಡು ಅಡಿ ಆಳದಲ್ಲಿತ್ತು. ಆರು ಅಡಿ ದೂರದ ಮೀನು ಐದೂವರೆ ಅಡಿಯಲ್ಲಿ ಇದ್ದಂತೆ ಕಂಡಿತು, ಅಷ್ಟೆ. ಆ ಲೆಕ್ಕದಲ್ಲಿ ಹದಿನೆಂಟು ಅಂಗುಲ ಹತ್ತೊಂಬತ್ತೂವರೆಯಾದೀತು. ಕೊಂಚ ಓರೆಯಾಗಿ ನೋಡಿದ್ದರಿಂದ ಅದರಲ್ಲಿ ಸ್ವಲ್ಪ ಹೆಚ್ಚುಕಡಮೆ ಬರಬಹುದು, ಇಪ್ಪತ್ತನಾಲ್ಕಂತೂ ಆಗುವುದಿಲ್ಲ. ಉಳಿದ ನಾಲ್ಕೂವರೆ ಅಂಗುಲವನ್ನು ಕೊಟ್ಟವರು ನೀರಲ್ಲ, ನಾವು.

ನಾಲ್ಕೂವರೆ ಅಂಗುಲ ದೊಡ್ಡ ಸುಳ್ಳೇ ಎಂದು ಕೇಳುಗರು ಕೇಳಬಹುದು. ಒಂದೇ ಆಕಾರದ ಮೀನುಗಳ ತೂಕ ಉದ್ದದ ಘನವನ್ನು ಅನುಸರಿಸುತ್ತದೆ. ಉದ್ದವನ್ನು ಮೂರರಿಂದ ನಾಲ್ಕಕ್ಕೆ ಏರಿಸಿದರೆ ತೂಕ ಇಪ್ಪತ್ತೇಳರಿಂದ ಅರವತ್ತನಾಲ್ಕಕ್ಕೆ ಏರುತ್ತದೆ. ಎರಡೂವರೆ ಪೌಂಡಿನ ಮೀನು ನಮ್ಮ ಎರಡು ಕೈಗಳ ನಡುವೆ ಸುಮಾರು ಆರು ಪೌಂಡಿನ ಮೀನಾಗಿ ನಿಂತಿತ್ತು. ಪ್ರಯೋಗಶಾಲೆಯಲ್ಲಿ ಹುಡುಗನೊಬ್ಬನು ತಾನು ಕಂಡ ಅಂಕಿಯನ್ನು ಬಿಟ್ಟು ತನಗೆ ಬೇಕಾದ ಅಂಕಿಯನ್ನು ಬರೆದರೆ ನಾವು ಆ ಪುಟಕ್ಕೆ ಅಡ್ಡಗೆರೆ ಎಳೆಯುತ್ತೇವೆ. ಅವನು ಸುಮ್ಮನೆ ಬರೆಯುತ್ತಾನೆ. ನಾವು ಶಾಸ್ತ್ರದ ಬೆಂಬಲವನ್ನೂ ಹೇಳಿ ಬರೆದಿದ್ದೆವು. ಯಾರ ತಪ್ಪು ಹೆಚ್ಚಿನದೆಂಬುದನ್ನು ಕೇಳುಗರೇ ನಿರ್ಣಯಿಸಬಹುದು.

ಮರುದಿನ ಬೆಳಿಗ್ಗೆ ಹಿರಿಯರೊಡನೆ ಇದನ್ನು ಹೇಳಿದೆವು. ಲೆಕ್ಕದ ಮಾತು ಅವರಿಗೆ ಬೇಕಿರಲಿಲ್ಲ. "ಸಾಹೇಬ್, ಗಾಳ ಅದರ ಬಾಯಲ್ಲಿಯೇ ಇದೆ" ಎಂದರು. ನಮಗೆ ಅದರ ನೆನಪೇ ಆಗಿರಲಿಲ್ಲ. ಮೀನಿನ ಉದ್ದವನ್ನು ಕುರಿತು ಒಂದು ರಾತ್ರಿಯೆಲ್ಲ ಯೋಚಿಸಿದವರು ಮೀನನ್ನು ಕುರಿತು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅವರು ನಮ್ಮ ಪೆಟ್ಟಿಗೆಯಲ್ಲಿದ್ದ ನೊಣಗಳನ್ನು ಒಂದೊಂದಾಗಿ ತೆಗೆದು, ಗಾಳದ ಮೊನೆಯ ಹಿಂದೆ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಚಿಮ್ಮಟದಿಂದ ಒತ್ತಿ ಮಟ್ಟ ಮಾಡಿದರು. ಹಾಗೆ ಮಾಡಿದರೆ ಹುರಿ ಸಡಿಲವಾದ ಕೂಡಲೆ ಮೀನು ಗಾಳವನ್ನು ಕೊಡವಿಕೊಂಡು ಹೋಗುವುದು ಸುಲಭ. ಎಳೆ ಹರಿದುಹೋದರೂ ಗಾಳ ಬೇಗ ಕಳಚಿಬೀಳುವ ಸಂಭವ ಹೆಚ್ಚು. ಹಿಡಿಯುವವನಿಗೆ ನಷ್ಟ ಕೊಂಚ ಜಾಸ್ತಿ. ಆ ನಷ್ಟಕ್ಕೆ ಒಪ್ಪಿ ಅಂದಿನಿಂದ ಅಂಥ ಗಾಳಗಳನ್ನೇ ಇಟ್ಟುಕೊಂಡಿದ್ದೇವೆ.

ಹೊಳೆಯಲ್ಲಿ ತೆರೆಯಬೇಕಾಗಿದ್ದ ಕೈ ಮುಚ್ಚಿಕೊಂಡಿತು. ಬಿಡಾರದಲ್ಲಿ ಮುಚ್ಚಿಕೊಂಡಿರಬೇಕಾಗಿದ್ದ ಕೈ ಅಗಲವಾಯಿತು. ಮೊದಲನೆಯ ತಪ್ಪನ್ನು ತಿದ್ದಿಕೊಳ್ಳಲು ಅಭ್ಯಾಸ ಸಾಕು. ಎರಡನೆಯದಕ್ಕೆ ಒಂದು ಗುರುತು ಮಾಡಿಕೊಂಡಿದ್ದೇವೆ. ಈಗಲೂ ಮಿತ್ರರ ನಡುವೆ ಲಿದ್ದರ್ ಹೊಳೆಯ ಮಾತು ಬರುವುದುಂಟು. ಆ ಮೀನು ಎಷ್ಟಿತ್ತೆಂದು ಯಾರಾದರೂ ಕೇಳುವುದೂ ಉಂಟು. ನಾವು ಬಲಗೈಯನ್ನು ಚಾಚಿ, ಎಡಗೈಯಿಂದ ಮೊಣಕೈಯನ್ನು ಮುಟ್ಟಿ ತೋರಿಸುತ್ತೇವೆ.