ಹಿಂದಕ್ಕೆ ಉರುಳುವ ಮೊದಲು

ನಮ್ಮ ಮುಂಬೈ ಕಡಲಿನ ನೀರು ಕದಡಿದ್ದು, ಏನೂ ಕಾಣದು. ಹಾಗಾಗಿ ಡೈವಿಂಗ್ ಕಲಿಯಲು ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿ ಮುರುಡೇಶ್ವರಕ್ಕೆ ಹೋದೆವು, ನಾನು ಮತ್ತು ಆಫೀಸಿನ ಗೆಳೆಯ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿ.

ದೋಣಿಯಂಚಿನಲ್ಲಿ ಕಡಲಿಗೆ ಬೆನ್ನು ಮಾಡಿ ಕೂತು ಹಿಂದಕ್ಕೆ ಉರುಳಬೇಕು. ಎಂಜಿನ್ ನ್ಯೂಟ್ರಲ್‌ಗೆ ಬರುವ ತನಕ ಅಲುಗಾಡಬಾರದು. ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಿ, ಅಂಗೈಯಿಂದ ಬಾಯಿಯ ರೆಗ್ಯುಲೇಟರನ್ನೂ ಬೆರಳುಗಳಿಂದ ಮಾಸ್ಕನ್ನೂ ಒತ್ತಿ ಹಿಡಿಯಬೇಕು. ಇಷ್ಟೆಲ್ಲ ನೆನಪಿತ್ತು. ಹಿಂದೆ ನೋಡುವುದೊಂದು ಮರೆತೆ.

ಉರುಳುವಷ್ಟರಲ್ಲಿ ದೋಣಿಯ ಹುಡುಗ ನನ್ನ ಜಾಕೆಟ್ ಹಿಡಿದೆಳೆದ. 'ನಿಲ್ಲಿ ಸರ್, ಕೆಳಗೆ ಜನ!' ಗೆಳೆಯನ ತಲೆ ನೇರ ನನ್ನ ಬೆನ್ನ ಹಿಂದೆ. ನನ್ನ ಬೆನ್ನಲ್ಲಿದ್ದ ಸಿಲಿಂಡರಿನ ತೂಕವೇ ಹತ್ತು ಕಿಲೋಗಿಂತ ಹೆಚ್ಚು.

ಸ್ಪಿಯರ್‌ಗನ್ ಹಿಡಿದು ಮೀನು ಬೇಟೆಗೆ ಇಳಿಯುವವರಿಗೆ ಇನ್ನೂ ಒಂದು ಕಟ್ಟುನಿಟ್ಟು: ದೋಣಿಯಲ್ಲಿ ಗನ್ ಎಂದೂ ಲೋಡ್ ಆಗಿರಕೂಡದು. ಮನುಷ್ಯ ಮೊದಲು ನೀರಿಗೆ. ಆಮೇಲೆ ಮೇಲಿದ್ದವರು ಹಿಡಿಕೆ ಮುಂದು ಮಾಡಿ ಗನ್ ಕೊಡಬೇಕು. ಹತ್ತುವಾಗ ನೀರಲ್ಲೇ ಅದನ್ನು ಅನ್‌ಲೋಡ್ ಮಾಡಿ, ಮೇಲಿನವರಿಗೆ ಕೊಟ್ಟು, ಆಮೇಲೆ ತಾನು ಹತ್ತಬೇಕು.

ಅಂದಿನ ಮೀನೂಟದ ಬಿಲ್ಲು ನಾನೇ ಕೊಟ್ಟೆ. ಗೆಳೆಯ ಎರಡು ಅಂಜಲ್ ಫ್ರೈ ಹೆಚ್ಚಿಗೇ ಹೇಳಿದ.