ಆಟೋಮ್ಯಾಟಿಕ್ ಕಾರಿನಲ್ಲಿ ಆ ‘ಎಂ’ ಯಾಕಿದೆ?



ಸಂಜೆ ಹೊತ್ತು ಕಲ್ಯಾಣ್-ಶಿಳ್ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಆಟೋಮ್ಯಾಟಿಕ್ ಗೇರಿನ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗಾಲಿಗೆ ಕೆಲಸವೇ ಇಲ್ಲ! 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರಿನೊಂದಿಗೆ ಬಂದ ಮೇಲೆ ಈ ಸುಖ ಮಧ್ಯಮ ವರ್ಗದ ಮನೆಗಳಿಗೂ ಎಟುಕಿತು. ಆದರೆ ಅಂಥ ಬಹಳಷ್ಟು ಕಾರುಗಳ ಗೇರ್ ಲಿವರ್ ಬಳಿ ‘ಡಿ’ ಅಕ್ಷರದ ಪಕ್ಕದಲ್ಲೇ ‘ಎಂ’ ಎಂದೂ, ಜೊತೆಗೆ ಪ್ಲಸ್-ಮೈನಸ್ ಗುರುತೂ ಇರುತ್ತವೆ. ಗೇರು ತಾನಾಗಿಯೇ ಬದಲಾಗುವಾಗ ಮತ್ತೆ ಕೈಯಿಂದ ಹಾಕುವ ಉಸಾಬರಿ ಯಾಕೆ?

ನಿಜ, ಡೊಂಬಿವಲಿಯ ಟ್ರಾಫಿಕ್‌ನಲ್ಲಿ ಅದು ಬೇಡ. ಅದು ಬೇಕಾಗುವುದು ಘಾಟಿಯಲ್ಲಿ, ಅದರಲ್ಲೂ ಇಳಿಯುವಾಗ. ಪುಣೆಯಿಂದ ಹಿಂತಿರುಗುವಾಗ ಖಂಡಾಲದಿಂದ ಖೋಪೋಲಿಗೆ, ಮಾಳಶೇಜ್ ಘಾಟಿಯಿಂದ ಮುರಬಾಡ್ ಕಡೆಗೆ, ಊರಿಗೆ ಹೋದಾಗ ಯಲ್ಲಾಪುರದಿಂದ ಅರಬೈಲು ಘಾಟಿಯಲ್ಲಿ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಈ ‘ಎಂ’ ನಿಮ್ಮ ಬ್ರೇಕನ್ನು ಕಾಪಾಡುತ್ತದೆ.

ಹೇಗೆ? ಬ್ರೇಕ್ ಎಂದರೆ ಉಜ್ಜುವಿಕೆ, ಉಜ್ಜಿದರೆ ಬಿಸಿ. ಜನ, ಸಾಮಾನು ಸೇರಿ 1200 ಕಿಲೋ ತೂಗುವ ಕಾರು 500 ಮೀಟರ್ ಕೆಳಗಿಳಿಯಿತೆನ್ನಿ. ಅಷ್ಟನ್ನೂ ಬ್ರೇಕ್ ಒಂದರಿಂದಲೇ ತಡೆದರೆ ಹುಟ್ಟುವ ಬಿಸಿ ಸುಮಾರು 18 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಲ್ಲದು. ಬ್ರೇಕ್ ಪ್ಯಾಡ್ ಅತಿಯಾಗಿ ಕಾದರೆ ಹಿಡಿತ ಸಡಿಲವಾಗುತ್ತದೆ. ಬ್ರೇಕ್ ಆಯಿಲ್‌ಗೂ ಒಂದು ಮಿತಿ ಇದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಹಳತಾಗಿ ತೇವ ಹೀರಿಕೊಂಡಾಗ ಈ ಮಿತಿ 155ಕ್ಕೇ ಇಳಿದುಬಿಡಬಹುದು. ಆಯಿಲ್ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಇಲ್ಲಿ ಸಹಾಯಕ್ಕೆ ಬರುವುದು ಎಂಜಿನ್. ಕಡಿಮೆ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ಕಾರಿನ ವೇಗ ತಗ್ಗುತ್ತದೆ. ‘ಡಿ’ಯಲ್ಲಿ ಏನಾಗುತ್ತದೆ? ನೀವು ಕಾಲೆತ್ತಿದ ಕೂಡಲೇ, “ಇವರಿಗೆ ಇನ್ನು ಶಕ್ತಿ ಬೇಡ” ಎಂದುಕೊಂಡು ಅನೇಕ ಗೇರ್‌ಬಾಕ್ಸ್‌ಗಳು ಮೇಲಿನ ಗೇರಿಗೆ ಹೋಗುತ್ತವೆ. ಎಂಜಿನ್ನಿನ ತಡೆ ಕಡಿಮೆಯಾಗುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ‘ಎಂ’ಗೆ ತಂದು ಎರಡನೆಯದೋ ಮೂರನೆಯದೋ ಗೇರ್ ಹಾಕಿದರೆ ಕಾರು ಅದೇ ಗೇರಿನಲ್ಲಿ ಉಳಿಯುತ್ತದೆ.

ಯಾವ ಗೇರು? ಹಳೆಯ ಲಾರಿ ಚಾಲಕರ ಸೂತ್ರ ಇಂದಿಗೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ, ಒಂದೊಂದೇ ಗೇರು ಇಳಿಸಿ. ಎಂಜಿನ್ ಸದ್ದು ಏರಿದರೆ ಗಾಬರಿ ಬೇಡ. ಮೀಟರಿನ ಮುಳ್ಳು ಕೆಂಪು ಗೆರೆಗಿಂತ ಸಾಕಷ್ಟು ಕೆಳಗಿದ್ದರೆ ಎಂಜಿನ್ನಿಗೆ ತೊಂದರೆಯಿಲ್ಲ. ಅತಿ ವೇಗದಲ್ಲಿ ಮೊದಲ ಗೇರಿಗೆ ಎಳೆದರೆ ಕಾರಿನ ಕಂಪ್ಯೂಟರ್ ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. ಆಮೇಲೂ ಬ್ರೇಕ್ ಬೇಕೇ ಬೇಕು. ಆದರೆ ಸದಾ ಅದರ ಮೇಲೆ ಕಾಲಿಡುವ ಬದಲು ಆಗಾಗ ಒತ್ತಿ ಬಿಡಿ, ತಣಿಯಲು ಸಮಯ ಸಿಗುತ್ತದೆ.

ಪೆಟ್ರೋಲ್ ಉಳಿಯಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ದಯವಿಟ್ಟು ಬೇಡ! ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲೆತ್ತಿದರೆ ಇಂಧನ ಬಹುತೇಕ ನಿಂತೇಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಇಂಧನ ಉರಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ.

ಹತ್ತುವಾಗಲೂ ‘ಎಂ’ ಉಪಯೋಗಕ್ಕೆ ಬರುತ್ತದೆ. ತಿರುವಿನ ನಡುವೆ ಗೇರು ಏರುತ್ತ ಇಳಿಯುತ್ತ ಒದ್ದಾಡುತ್ತಿದ್ದರೆ ಎರಡರಲ್ಲಿ ಕಟ್ಟಿಹಾಕಿ. ಎಎಂಟಿಯ ಒಳಗಿರುವುದು ಮಾಮೂಲಿ ಕ್ಲಚ್ಚೇ. ಅದನ್ನು ಒತ್ತುವುದು ನಿಮ್ಮ ಕಾಲಲ್ಲ, ಯಂತ್ರ, ಅಷ್ಟೇ. ಹಾಗಾಗಿ ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡಬೇಡಿ, ಕ್ಲಚ್ ಸುಟ್ಟೀತು. ಬ್ರೇಕನ್ನೇ ಬಳಸಿ. ಮೇಲಿನ ಗೇರಿಗೆ ಹೋಗುವ ಕ್ಷಣ ಕಾಲನ್ನು ತುಸು ಸಡಿಲಿಸಿದರೆ ಜಗ್ಗುವುದೂ ಕಡಿಮೆಯಾಗುತ್ತದೆ.

ಕೆಲವು ಸಿವಿಟಿ ಕಾರುಗಳಲ್ಲಿ ‘ಎಂ’ ಬದಲು ‘ಎಲ್’ ಅಥವಾ ‘ಎಸ್’ ಇರುತ್ತದೆ. ಇಳಿಜಾರಿಗೆ ಅದನ್ನೇ ಬಳಸಬಹುದು. ಕೆಲವದರಲ್ಲಿ ಸ್ಟಿಯರಿಂಗ್ ಹಿಂದೆ ಎರಡು ಪ್ಯಾಡಲ್‌ಗಳಿರುತ್ತವೆ, ಸಾಮಾನ್ಯವಾಗಿ ಬಲಗಡೆಯದು ಏರಿಸಲು, ಎಡಗಡೆಯದು ಇಳಿಸಲು. ಲಿವರ್‌ನ ಪ್ಲಸ್ ಮುಂದೋ ಹಿಂದೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕೈಪಿಡಿ ನೋಡಿಕೊಳ್ಳಿ.

ಇಳಿಯುವಾಗ ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಗೇರು ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆಯಾದರೂ ತಣಿಯಲು ಬಿಡಿ. ಕಾದ ಬ್ರೇಕಿಗೆ ನೀರು ಸುರಿಯಬೇಡಿ. ಕರ್ಜತ್-ಲೋಣಾವಳ ಘಾಟಿಯಲ್ಲಿ ಇಳಿಯುವ ರೈಲುಗಳು ಬ್ರೇಕ್ ಪರೀಕ್ಷೆಗೆಂದೇ ನಿಂತು ಹೊರಡುವುದನ್ನು ನೀವು ನೋಡಿರಬಹುದು. ಅಷ್ಟು ದೊಡ್ಡ ರೈಲಿಗೇ ಆ ಎಚ್ಚರ ಬೇಕಾದರೆ ನಮ್ಮ ಪುಟ್ಟ ಕಾರಿಗೆ ಬೇಡವೇ?

ಚೌತಿಗೋ ದೀಪಾವಳಿಗೋ ಊರಿಗೆ ಹೊರಡುವ ಮುನ್ನ, ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ‘ಎಂ’ ಹಾಕಿ ಗೇರು ಏರಿಸಿ ಇಳಿಸಿ ಅಭ್ಯಾಸ ಮಾಡಿಕೊಳ್ಳಿ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ಮೆಕ್ಯಾನಿಕ್‌ನನ್ನು ಕೇಳಿ. ಪ್ರಯಾಣ ಸುಖಕರವಾಗಲಿ.